ಆಂಟಿಬಯೋಟಿಕ್‌ಗಳ ಬಾಯಿಪಾಠ

ನನ್ನ ಅಕ್ಕನ ಮಗಳು ಹೊರದೇಶದಲ್ಲಿ ಎಂಬಿಬಿಎಸ್ ಮುಗಿಸಿ ಬಂದು, ಮಾಗಳದ ಮನೆಯಲ್ಲಿ ಎಫ್‌ಎಂಜಿಇ ಪರೀಕ್ಷೆಗೆ ಓದುತ್ತಿದ್ದಾಳೆ. ಹೊರಗೆ ಓದಿದವರು ಇಲ್ಲಿ ವೈದ್ಯರಾಗಿ ನೋಂದಣಿ ಪಡೆಯಲು ಇದನ್ನು ಪಾಸಾಗಬೇಕು. 300 ಪ್ರಶ್ನೆಗಳಲ್ಲಿ ಕನಿಷ್ಠ 150 ಸರಿಯಿರಬೇಕು. ಕಳೆದ ಸಲ ಅವಳಿಗೆ ಕೆಲವೇ ಅಂಕ ಸಾಲಲಿಲ್ಲ. "ಮಾಮೂ, ಆಂಟಿಬಯೋಟಿಕ್ ಹೆಸರುಗಳು ತಲೆಯಲ್ಲಿ ನಿಲ್ಲುವುದೇ ಇಲ್ಲ" ಎಂದಳು.

ನಾನು ಯುನಾನಿ ವೈದ್ಯ, ಆ ಔಷಧಿಗಳನ್ನು ಬರೆಯುವವನಲ್ಲ. ಆದರೆ ನೂರಾರು ಮೂಲಿಕೆಗಳ ಮಿಜಾಜ್ ಬಾಯಿಪಾಠ ಮಾಡಿ ಪರೀಕ್ಷೆಯ ದಿನ ಮರೆತ ಅನುಭವ ನನಗೂ ಇದೆ. ಅವಳ ನೋಟ್ಸ್ ನೋಡಿದೆ. ಎಡಕ್ಕೆ ಔಷಧಿ, ಬಲಕ್ಕೆ ಕಾಯಿಲೆ. ಅದನ್ನು ತಿರುಗಿಸಿ ಬರೆ ಎಂದೆ. ರೋಗಿ ಔಷಧಿಯ ಹೆಸರು ಹೇಳಿಕೊಂಡು ಬರುವುದಿಲ್ಲ, ಪ್ರಶ್ನೆಪತ್ರಿಕೆಯೂ ಅಷ್ಟೇ. ಸೋಂಕು ಎಲ್ಲಿ, ಯಾವ ರೋಗಾಣು, ರೋಗಿ ಯಾರು ಎಂಬುದು ಮೊದಲು, ಔಷಧಿ ಆಮೇಲೆ.

ಜ್ವರದ ಜೊತೆ ಮೈಮೇಲೆ ಸುಟ್ಟಂಥ ಕಪ್ಪು ಹಕ್ಕಳೆ ಇದ್ದರೆ ಸ್ಕ್ರಬ್ ಟೈಫಸ್, ಔಷಧಿ ಡಾಕ್ಸಿಸೈಕ್ಲಿನ್. ರೋಗಿ ಗರ್ಭಿಣಿಯಾದರೆ ಉತ್ತರ ಅಜಿತ್ರೋಮೈಸಿನ್‌ಗೆ ಬದಲಾಗುತ್ತದೆ. ಕಾಲರಾದಲ್ಲಿ ಮೊದಲು ಓಆರ್‌ಎಸ್, ಆಂಟಿಬಯೋಟಿಕ್‌ಗೆ ಎರಡನೆಯ ಸ್ಥಾನ. ಟೈಫಾಯಿಡ್‌ಗೆ ಹಿಂದೆ ಸಿಪ್ರೊಫ್ಲಾಕ್ಸಾಸಿನ್ ಎಂದರೆ ಸಾಕಿತ್ತು. ನಮ್ಮ ದೇಶದ ಆ ರೋಗಾಣು ಈಗ ಹೆಚ್ಚಾಗಿ ಅದಕ್ಕೆ ಬಗ್ಗುವುದಿಲ್ಲ. ಹಳೆಯ ಪುಸ್ತಕದಿಂದ ಉರುಹೊಡೆದವರು ಎಡವುವುದು ಇಂಥಲ್ಲಿ. ಕ್ಷಯದ ಔಷಧಿಗಳನ್ನು ಅವು ಕೊಡುವ ತೊಂದರೆಯಿಂದಲೇ ನೆನಪಿಡಬಹುದು: ರಿಫಾಂಪಿಸಿನ್‌ಗೆ ಮೂತ್ರ ಕಿತ್ತಳೆ ಬಣ್ಣ, ಎಥಾಂಬ್ಯುಟಾಲ್‌ಗೆ ಕಣ್ಣು, ಐಸೋನಿಯಝಿಡ್‌ಗೆ ಕೈಕಾಲು ಜೋಮು.

ಇನ್ನು ಮರೆಯದಿರುವ ಉಪಾಯ. ನಮ್ಮ ಮದ್ರಸಾಗಳಲ್ಲಿ ಹಿಫ್ಝ್ ಮಾಡುವ ಮಕ್ಕಳನ್ನು ನೋಡಿ. ಹೊಸ ಸಬಖ್ ಒಪ್ಪಿಸುವುದರ ಜೊತೆಗೆ ಇತ್ತೀಚಿನ ಪಾಠವನ್ನೂ ಹಳೆಯ ಪಾರಾಗಳನ್ನೂ ದಿನಾ ಒಪ್ಪಿಸುತ್ತಾರೆ. ಪುಸ್ತಕ ಮುಚ್ಚಿ, ಇನ್ನೊಬ್ಬರ ಎದುರು, ಬಾಯಿಬಿಟ್ಟು. ನನ್ನ ಸೊಸೆ ಅದೇ ಪುಟವನ್ನು ಬಣ್ಣದ ಪೆನ್ನಿನಿಂದ ಹತ್ತು ಸಲ ಗೆರೆ ಎಳೆದು ಓದುತ್ತಿದ್ದಳು. ಕಣ್ಣಿಗೆ ಪರಿಚಯವಾಗುತ್ತಿತ್ತು, ನೆನಪಾಗುತ್ತಿರಲಿಲ್ಲ.

ಹೊಸ ನೋಟ್‌ಬುಕ್‌ನಲ್ಲಿ ನೆಗಡಿ, ಫ್ಲೂ, ಡೆಂಗೆ ಎಂಬ ಸಾಲುಗಳ ಎದುರು "ಆಂಟಿಬಯೋಟಿಕ್ ಬೇಡ" ಎಂದು ಬರೆಸಿದೆ. ಅದೂ ಒಂದು ಉತ್ತರವೇ. ಅದನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಾಗ ನನ್ನ ಅಮ್ಮಿ ಅಡುಗೆಮನೆಯಿಂದ ಒಂದು ಸ್ಟ್ರಿಪ್ ತಂದು ತೋರಿಸಿದರು. ಮೊಮ್ಮಗನಿಗೆ ಬರೆದುಕೊಟ್ಟು ಉಳಿದ ಅಜಿತ್ರೋಮೈಸಿನ್. ಮೂಗು ಸೋರುತ್ತಿದೆಯೆಂದು ಎರಡು ಮಾತ್ರೆ ನುಂಗಿಯಾಗಿತ್ತು! ಆ ಮಾತ್ರೆ ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ. ವೈರಸ್ಸಿನಲ್ಲಿ ಅಂಥ ಕಾರ್ಖಾನೆಯೇ ಇಲ್ಲ. ನೆಗಡಿ ತನ್ನ ಪಾಡಿಗೆ ಉಳಿಯುತ್ತದೆ, ಹೊಟ್ಟೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳು ಮಾತ್ರ ಆ ಔಷಧಿಯನ್ನು ಎದುರಿಸುವುದನ್ನು ಕಲಿಯುತ್ತವೆ. ಸ್ಟ್ರಿಪ್ ಹಿಂದಿನ ಕೆಂಪು ಗೆರೆ ವೈದ್ಯರ ಚೀಟಿ ಇಲ್ಲದೆ ಇದನ್ನು ತೆಗೆದುಕೊಳ್ಳಬಾರದೆಂಬ ಗುರುತು ಎಂದು ಮೊಮ್ಮಗಳೇ ತೋರಿಸಿಕೊಟ್ಟಳು.

ಈಗ ದಿನಾ ಇಶಾ ನಮಾಝಿನ ನಂತರ ಅಕ್ಕ ನೋಟ್‌ಬುಕ್ ಹಿಡಿದು ಕಾಯಿಲೆಯ ಹೆಸರು ಕೇಳುತ್ತಾಳೆ, ಮಗಳು ಉತ್ತರ ಹೇಳುತ್ತಾಳೆ. ನೆಗಡಿಯ ಸರದಿ ಬಂದಾಗ ಇಬ್ಬರೂ ಅಮ್ಮಿಯ ಕಡೆ ನೋಡುತ್ತಾರೆ.