ಹಸಿವಿನ ಲಗಾಮು ಯಾರ ಕೈಯಲ್ಲಿದೆ?



ದಪ್ಪಗಿರುವ ಸಹಪಾಠಿಗೆ ಅಡ್ಡಹೆಸರು ಇಡುವುದು ನಮ್ಮಲ್ಲಿ ತಮಾಷೆ ಎನಿಸಿಕೊಂಡಿದೆ. "ಬಾಯಿ ಕಟ್ಟಿದರೆ ತಾನೇ ಸಣ್ಣ ಆಗ್ತಾರೆ" ಎಂಬುದು ಮನೆಮನೆಯ ಮಾತು. ಇದು ಎಷ್ಟು ಸರಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರಲ್ಲೂ ಪುರುಷರಲ್ಲೂ 100ಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ಹಾಗಾಗಿ ಇದು ನಮ್ಮೆಲ್ಲರ ಮನೆಯ ವಿಷಯ.

ಸಂದೇಶ ತರುವ ಹಾರ್ಮೋನುಗಳು

ಹಸಿವಿನ ನಿಯಂತ್ರಣ ಕೇಂದ್ರ ಇರುವುದು ಮಿದುಳಿನ ಹೈಪೋಥಲಾಮಸ್‌ನಲ್ಲಿ. ಅಲ್ಲಿ ಒಂದು ಗುಂಪಿನ ನರಕೋಶಗಳು ಹಸಿವನ್ನು ಹೆಚ್ಚಿಸುತ್ತವೆ, ಇನ್ನೊಂದು ಗುಂಪು ತಗ್ಗಿಸುತ್ತದೆ. ಈ ಎರಡಕ್ಕೂ ರಕ್ತದ ಮೂಲಕ ಸುದ್ದಿ ತಲುಪಿಸುವುದು ಹಾರ್ಮೋನುಗಳು.

ಗ್ರೆಲಿನ್: ಇದು ಮುಖ್ಯವಾಗಿ ಜಠರದಲ್ಲಿ ಉತ್ಪತ್ತಿಯಾಗುತ್ತದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಪತ್ತೆಹಚ್ಚಿದರು. ನಾವು ದಿನವೂ ಉಣ್ಣುವ ಹೊತ್ತಿಗೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಉಣ್ಣದಿದ್ದರೂ ಸ್ವಲ್ಪ ಹೊತ್ತಿನ ನಂತರ ತಾನಾಗಿ ತಗ್ಗುತ್ತದೆ. ರಮಝಾನ್ ಉಪವಾಸದಲ್ಲಿ ಮಧ್ಯಾಹ್ನ ಊಟದ ವೇಳೆಗೆ ಜೋರಾಗಿ ಬಂದ ಹಸಿವು ಆಮೇಲೆ ಕಡಿಮೆಯಾಗುವುದನ್ನು ಅನುಭವಿಸಿದವರಿಗೆ ಇದು ಸುಲಭವಾಗಿ ಅರ್ಥವಾದೀತು.

ಕರುಳಿನ ಹಾರ್ಮೋನುಗಳು: ಪ್ರಥಮ ಪಿಯುಸಿಯ ಹಾರ್ಮೋನುಗಳ ಪಾಠದಲ್ಲಿ ಬರುವ ಕೊಲೆಸಿಸ್ಟೊಕೈನಿನ್, ಜೊತೆಗೆ ಜಿಎಲ್‌ಪಿ-1 ಮತ್ತು ಪಿವೈವೈ. ಆಹಾರ ಕರುಳಿಗೆ ಇಳಿದಾಗ ಇವು "ಹೊಟ್ಟೆ ತುಂಬಿತು" ಎಂದು ಮಿದುಳಿಗೆ ತಿಳಿಸುತ್ತವೆ. ಈ ಸುದ್ದಿ ತಲುಪಲು ಸ್ವಲ್ಪ ಸಮಯ ಬೇಕು. ಗಬಗಬನೆ ತಿಂದರೆ ಅಷ್ಟರೊಳಗೆ ಅಗತ್ಯಕ್ಕಿಂತ ಹೆಚ್ಚು ಒಳಗೆ ಹೋಗಿರುತ್ತದೆ.

ಲೆಪ್ಟಿನ್: ಇದನ್ನು ಸ್ರವಿಸುವುದು ಕೊಬ್ಬಿನ ಕೋಶಗಳು. ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಇದರ ಜೀನನ್ನು 1994ರಲ್ಲಿ ಗುರುತಿಸಿದರು. ದೇಹದಲ್ಲಿ ಎಷ್ಟು ಕೊಬ್ಬಿನ ದಾಸ್ತಾನು ಇದೆ ಎಂಬ ಲೆಕ್ಕವನ್ನು ಇದು ಮಿದುಳಿಗೆ ಒಪ್ಪಿಸುತ್ತದೆ. ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಕೂಡ ಈ ಕೆಲಸದಲ್ಲಿ ಪಾಲುದಾರ.

ಲೆಕ್ಕ ತಪ್ಪಿದಾಗ

1997ರಲ್ಲಿ ಇಂಗ್ಲೆಂಡಿನ ವೈದ್ಯರು ಇಬ್ಬರು ಮಕ್ಕಳ ವಿವರ ಪ್ರಕಟಿಸಿದರು. 8 ವರ್ಷದ ಹುಡುಗಿಯ ತೂಕ 86 ಕೆ.ಜಿ., 2 ವರ್ಷದ ಹುಡುಗನದು 29 ಕೆ.ಜಿ. ಎಷ್ಟು ಉಂಡರೂ ಹಸಿವು ಹಿಂಗುತ್ತಿರಲಿಲ್ಲ. ಅವರ ದೇಹದಲ್ಲಿ ಸರಿಯಾದ ಲೆಪ್ಟಿನ್ ತಯಾರಾಗುತ್ತಲೇ ಇರಲಿಲ್ಲ. ಲೆಪ್ಟಿನ್ ಚುಚ್ಚುಮದ್ದು ಶುರುವಾದ ಮೇಲೆ ಹುಡುಗಿಯ ಹಸಿವು ತಗ್ಗಿತು, ಒಂದು ವರ್ಷದಲ್ಲಿ 16 ಕೆ.ಜಿ. ಇಳಿದಳು. ಅವಳಿಗೆ ಕೊರತೆಯಿದ್ದದ್ದು ಮನಸ್ಸಿನ ಗಟ್ಟಿತನವಲ್ಲ, ಒಂದು ಹಾರ್ಮೋನು.

ಇಂಥ ಪ್ರಕರಣಗಳು ತೀರಾ ಅಪರೂಪ. ಸ್ಥೂಲಕಾಯದ ಬಹುಪಾಲು ಜನರಲ್ಲಿ ಲೆಪ್ಟಿನ್ ಧಾರಾಳವಾಗಿದೆ, ಆದರೆ ಮಿದುಳು ಅದಕ್ಕೆ ಸರಿಯಾಗಿ ಕಿವಿಗೊಡುವುದಿಲ್ಲ. ಇದಕ್ಕೆ ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ.

ಉಪವಾಸ ಬಿದ್ದು ಸರಸರನೆ ತೂಕ ಇಳಿಸಿದರೆ ಏನಾಗುತ್ತದೆ? 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 10 ವಾರಗಳ ಕಠಿಣ ಪಥ್ಯದಿಂದ ಜನರು ಸರಾಸರಿ 13.5 ಕೆ.ಜಿ. ಇಳಿದರು. ವರ್ಷ ಕಳೆದರೂ ಅವರಲ್ಲಿ ಗ್ರೆಲಿನ್ ಮೊದಲಿಗಿಂತ ಹೆಚ್ಚಾಗಿಯೂ ಲೆಪ್ಟಿನ್ ಕಡಿಮೆಯಾಗಿಯೂ ಇದ್ದವು. ದೇಹ ಇದನ್ನು ಬರಗಾಲವೆಂದು ತಿಳಿದು, ಕಳೆದ ತೂಕವನ್ನು ಮರಳಿ ಪಡೆಯಲು ಹಸಿವನ್ನು ಏರಿಸುತ್ತದೆ.

ತೆಳ್ಳಗಿದ್ದರೆ ಸಾಕೇ?

ಹಾಗೆಂದು ತೆಳ್ಳಗಿರುವವರು ಬೀಗಬೇಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಹೋಲಿಸಿದಾಗ, ನಮ್ಮ ಮಕ್ಕಳ ತೂಕ ಮತ್ತು ಸ್ನಾಯು ಕಡಿಮೆ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಹೆಚ್ಚು ಕಡಿಮೆ ಅವರಷ್ಟೇ ಇತ್ತು. ಕಡಿಮೆ ತೂಕದಲ್ಲೂ ಭಾರತೀಯರಿಗೆ ಮಧುಮೇಹ ಬರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದಲೇ ಭಾರತೀಯ ವಯಸ್ಕರಿಗೆ ದೇಹ ತೂಕ ಸೂಚ್ಯಂಕ 23 ದಾಟಿದರೆ ಎಚ್ಚರವಹಿಸಲು ಹೇಳುತ್ತಾರೆ.

ನಾವು ಮಾಡಬಹುದಾದದ್ದು

1. ನಿದ್ದೆಗೆಡಬೇಡಿ. 2004ರ ಒಂದು ಸಣ್ಣ ಪ್ರಯೋಗದಲ್ಲಿ 12 ಯುವಕರು ಎರಡು ರಾತ್ರಿ 4 ಗಂಟೆಯಷ್ಟೇ ಮಲಗಿದಾಗ ಲೆಪ್ಟಿನ್ ಶೇ. 18 ಇಳಿದು, ಗ್ರೆಲಿನ್ ಶೇ. 28 ಏರಿತು. ಪರೀಕ್ಷೆಯ ಕಾಲದಲ್ಲಿ ಇದನ್ನು ನೆನಪಿಡಿ.

2. ಹೊಟ್ಟೆಯನ್ನು ಪೂರ್ತಿ ತುಂಬಿಸಬಾರದೆಂಬ ಪ್ರವಾದಿ(ಸ)ಯವರ ಬೋಧನೆ ನಮಗೆ ಗೊತ್ತು. ಇಫ್ತಾರ್‌ನಲ್ಲೂ ನಿಧಾನವಾಗಿ ತಿಂದು, ಕರುಳಿನ ಸುದ್ದಿ ಮಿದುಳಿಗೆ ಮುಟ್ಟಲು ಸಮಯ ಕೊಡಿ.

3. ಒಂದು ಗ್ರಾಂ ಎಣ್ಣೆಯಲ್ಲಿ 9 ಕಿಲೋ ಕ್ಯಾಲೊರಿ, ಪಿಷ್ಟದಲ್ಲಿ 4. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಸೀಮೆಯವರಾದ ನಾವು ಮಿರ್ಚಿ-ಮಂಡಕ್ಕಿ ತಿನ್ನುವಾಗ ಈ ಲೆಕ್ಕ ಮರೆಯಬಾರದು. ಮುದ್ದೆಯ ಜೊತೆ ಹುರುಳಿಕಾಳು, ಹೆಸರುಕಾಳು, ಸೊಪ್ಪಿನ ಸಾರು ಇದ್ದರೆ ಅದರ ಪ್ರೋಟೀನು ಮತ್ತು ನಾರಿನಿಂದ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ.

4. ಜಿಎಲ್‌ಪಿ-1ರಂತೆ ಕೆಲಸ ಮಾಡುವ ಔಷಧಿಗಳು ಈಗ ಬಂದಿವೆ. ವೈದ್ಯರ ಸಲಹೆಯಿಲ್ಲದೆ ಅವುಗಳ ಗೋಜಿಗೆ ಹೋಗಬೇಡಿ. ಜಾಹೀರಾತಿನ ಪುಡಿ, ಕಷಾಯಗಳನ್ನೂ ನಂಬಬೇಡಿ.

ತಟ್ಟೆಗೆ ಏನು ಬಡಿಸಿಕೊಳ್ಳಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಎಷ್ಟು ಹಸಿವಾಗಬೇಕು ಎಂಬುದು ಅಷ್ಟಾಗಿ ಇಲ್ಲ. ದಪ್ಪಗಿರುವ ಗೆಳೆಯ ನಮಗಿಂತ ಜೋರಾದ ಹಸಿವಿನೊಂದಿಗೆ ದಿನವೂ ಹೋರಾಡುತ್ತಿರಬಹುದು. ಅಡ್ಡಹೆಸರಿನಿಂದ ಯಾರ ಗ್ರೆಲಿನ್ನೂ ಇಳಿಯುವುದಿಲ್ಲ. ಸಂಜೆ ಆಟಕ್ಕೆ ಅವನನ್ನೂ ಕರೆಯಿರಿ. ಅದರಿಂದ ಇಬ್ಬರಿಗೂ ಉಪಕಾರ.