ಎರಡೇ ಸ್ಪೀಕರ್, ಸುತ್ತಲೂ ಸದ್ದು

ಕಂಪ್ಯೂಟರ್ ಆಟದಲ್ಲಿ ಎದುರಾಳಿಯ ಹೆಜ್ಜೆ ಸಪ್ಪಳ ಹಿಂದಿನಿಂದ ಬಂತೋ ಮುಂದಿನಿಂದಲೋ ತಿಳಿಯದೆ ಸೋತಿದ್ದೀರಾ? '7.1' ಎಂದು ಬರೆದ ದುಬಾರಿ ಹೆಡ್‌ಫೋನ್ ಕೊಳ್ಳುವ ಮುನ್ನ ಇದನ್ನು ಓದಿ.

ನಮಗಿರುವುದು ಎರಡೇ ಕಿವಿ. ಬಲಗಡೆಯ ಶಬ್ದ ಎಡಗಿವಿಗೆ ಸುಮಾರು 0.7 ಮಿಲಿಸೆಕೆಂಡಿನವರೆಗೆ ತಡವಾಗಿ, ತುಸು ಕ್ಷೀಣವಾಗಿ ತಲುಪುತ್ತದೆ. ಇದರಿಂದ ಎಡ-ಬಲ ತಿಳಿಯುತ್ತದೆ. ಹಿಂದೆ-ಮುಂದೆ ತಿಳಿಯಲು ಹೊರಕಿವಿಯ ಮಡಿಕೆಗಳು ನೆರವಾಗುತ್ತವೆ. ಶಬ್ದ ಬಂದ ದಿಕ್ಕಿಗೆ ತಕ್ಕಂತೆ ಅವು ಕೆಲವು ಆವೃತ್ತಿಗಳನ್ನು ಹೆಚ್ಚಿಸಿ, ಕೆಲವನ್ನು ತಗ್ಗಿಸುತ್ತವೆ. ಈ ವ್ಯತ್ಯಾಸಗಳನ್ನು ಕಂಪ್ಯೂಟರ್ ಲೆಕ್ಕಹಾಕಿ ಶಬ್ದಕ್ಕೆ ಸೇರಿಸುತ್ತದೆ. ಇದಕ್ಕೆ ಬಳಸುವ ಗಣಿತ ಸೂತ್ರವೇ ಎಚ್‌ಆರ್‌ಟಿಎಫ್. ಹಾಗಾಗಿ ಒಳ್ಳೆಯ ಸ್ಟೀರಿಯೋ ಹೆಡ್‌ಫೋನ್ ಸಾಕು.

ಮಾಡಬೇಕಾದುದು ಇಷ್ಟು:

1. ಆಟದ ಆಡಿಯೋ ಸೆಟ್ಟಿಂಗ್‌ನಲ್ಲಿ ಎಚ್‌ಆರ್‌ಟಿಎಫ್ ಇದ್ದರೆ ಅದನ್ನು ಆನ್ ಮಾಡಿ, ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಆಫ್ ಮಾಡಿ. ಎರಡೂ ಆನ್ ಇದ್ದರೆ ಅದೇ ಲೆಕ್ಕ ಎರಡು ಬಾರಿ ನಡೆದು ದಿಕ್ಕು ಕಲಸಿಹೋಗುತ್ತದೆ.

2. ಆಟದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ವಿಂಡೋಸ್ 10 ಮತ್ತು 11ರಲ್ಲಿ ಉಚಿತವಾಗಿ ಸಿಗುವ 'ವಿಂಡೋಸ್ ಸೋನಿಕ್' ಆರಿಸಿ, ಆಟದಲ್ಲಿ 7.1 ಇಡಿ.

3. ಎಲ್ಲರ ಕಿವಿಯ ಆಕಾರ ಒಂದೇ ಅಲ್ಲ. ಒಂದು ಸೆಟ್ಟಿಂಗ್ ಅನ್ನು ಕೆಲವು ದಿನ ಬಳಸಿ ನೋಡಿ ನಿರ್ಧರಿಸಿ.

ಕೊನೆಯ ಮಾತು: ದಿಕ್ಕು ತಿಳಿಯಲಿಲ್ಲವೆಂದು ವಾಲ್ಯೂಮ್ ಏರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಹೆಡ್‌ಫೋನ್ ಹೋದರೆ ಹೊಸದು ತರಬಹುದು, ಕಿವಿ ಹೋದರೆ?