ಡ್ರ್ಯಾಗ್ ಅಂಡ್ ಡ್ರಾಪ್ ಕೈಕೊಟ್ಟಾಗ: ಮಾಡಬೇಕಾದ್ದು, ಮಾಡಬಾರದ್ದು

ವಿಂಡೋಸ್ ಫಾರ್ಮ್ಸ್ ಕೋಡ್ ಮುಟ್ಟುವ ಎಲ್ಲರ ಗಮನಕ್ಕೆ

ನಮ್ಮದೇ ಕ್ಲಾಸಿನ ಡೇಟಾ ಡ್ರಾಪ್ ಆಗುತ್ತಿಲ್ಲ ಎಂಬ ದೂರು ಬಂದರೆ ಮೊದಲು ಕರ್ಸರ್ ನೋಡಿ, ಆಮೇಲೆ ಕೋಡ್.

ಮಾಡಬೇಕಾದ್ದು

ಕರ್ಸರ್ ನಿಷೇಧದ ಗುರುತು ತೋರಿಸಿದರೆ ಡ್ರಾಪ್ ಆಗಬೇಕಾದ ಕಂಟ್ರೋಲ್ ಒಪ್ಪಿಲ್ಲ ಎಂದರ್ಥ. ಅಲ್ಲಿ ಅಲೋಡ್ರಾಪ್ ಟ್ರೂ ಇದೆಯೇ, ಡ್ರ್ಯಾಗ್‌ಎಂಟರ್‌ನಲ್ಲಿ ಎಫೆಕ್ಟ್ ಹಾಕಿದೆಯೇ, ಆ ಎಫೆಕ್ಟ್‌ಗೆ ಡೂಡ್ರ್ಯಾಗ್‌ಡ್ರಾಪ್ ಕರೆದವರು ಅನುಮತಿ ಕೊಟ್ಟಿದ್ದಾರೆಯೇ, ನೋಡಿ.

ಫಾರ್ಮ್ಯಾಟ್‌ಗೆ ನೀವೇ ಒಂದು ಹೆಸರಿಡಿ. ಒಂದೇ ಕಾನ್‌ಸ್ಟಂಟನ್ನು ಎರಡೂ ಕಡೆ ಬಳಸಿ. ಹೆಸರು ಕೊಡದಿದ್ದರೆ ಆಬ್ಜೆಕ್ಟ್‌ನ ನಿಜವಾದ ಕ್ಲಾಸಿನ ಪೂರ್ಣ ಹೆಸರೇ ಫಾರ್ಮ್ಯಾಟ್ ಆಗುತ್ತದೆ. ‘ಬಿಲ್‌ಲೈನ್’ನಿಂದ ಹುಟ್ಟಿದ ‘ರಿಯಾಯಿತಿಲೈನ್’ ಕಳಿಸಿ, ಆಚೆ ಕಡೆ ‘ಬಿಲ್‌ಲೈನ್’ ಇದೆಯೇ ಎಂದು ಕೇಳಿದರೆ ಗೆಟ್‌ಡೇಟಾಪ್ರೆಸೆಂಟ್ ಫಾಲ್ಸ್ ಎನ್ನುತ್ತದೆ. ಅನುಭವಿಗಳೂ ಇಲ್ಲೇ ಎಡವುತ್ತಾರೆ.

ಕರ್ಸರ್ ಸರಿಯಿದ್ದೂ ಏನೂ ಆಗದಿದ್ದರೆ ಡ್ರಾಪ್ ಹ್ಯಾಂಡ್ಲರ್‌ನೊಳಗೆ ಟ್ರೈ-ಕ್ಯಾಚ್ ಹಾಕಿ, ಲಾಗ್ ಬರೆಯಿರಿ. ಅಲ್ಲಿ ಎದ್ದ ಎಕ್ಸೆಪ್ಶನ್ ಸದ್ದಿಲ್ಲದೆ ಮಾಯವಾಗಬಹುದು.

ಡೇಟಾ ಬೇರೆ ಪ್ರೋಗ್ರಾಮಿಗೆ ಹೋಗಬೇಕಾದರೆ ಅದನ್ನು ಜೇಸನ್ ಪಠ್ಯವಾಗಿಯೇ ಕಳಿಸಿ. ಇಂಥ ಡೇಟಾವನ್ನು ಹೊರಗೆ ಸಾಗಿಸಲು ಹಿಂದೆ ಬಳಸುತ್ತಿದ್ದ ಬೈನರಿಫಾರ್ಮ್ಯಾಟರ್ 2024ರಲ್ಲಿ ಬಂದ ಡಾಟ್‌ನೆಟ್ 9ರಿಂದ ಕೆಲಸ ಮಾಡುವುದಿಲ್ಲ. ಹಳೆಯ ಕೋಡ್ ಒಂದೇ ಆ್ಯಪ್‌ನೊಳಗೆ ನಡೆದು, ಹೊರಗೆ ಎಳೆದಾಗ ಮಾತ್ರ ಸೋತರೆ ಮೊದಲ ಅನುಮಾನ ಇದರ ಮೇಲಿರಲಿ.

ಮಾಡಬಾರದ್ದು

ಮೂವ್ ಮಾಡುವಾಗ ಮೂಲದ ಸಾಲನ್ನು ಮೊದಲೇ ಅಳಿಸಕೂಡದು. ಡೂಡ್ರ್ಯಾಗ್‌ಡ್ರಾಪ್ ಮುಗಿದು, ಅದು ಮೂವ್ ಎಂದು ಉತ್ತರ ಕೊಟ್ಟ ಮೇಲಷ್ಟೇ ಅಳಿಸಿ. ಬಳಕೆದಾರರು ನಡುವೆ ಎಸ್ಕೇಪ್ ಒತ್ತಬಹುದು, ಆಚೆಯ ಕಂಟ್ರೋಲ್ ಬೇಡವೆನ್ನಬಹುದು. ಆಗ ಆ ಸಾಲು ಎರಡೂ ಕಡೆ ಇರುವುದಿಲ್ಲ. ಉಳಿದ ತಪ್ಪುಗಳು ಕಿರಿಕಿರಿ ತರುತ್ತವೆ, ಇದು ಜನರ ಕೆಲಸವನ್ನೇ ಕಳೆಯುತ್ತದೆ. ರಿವ್ಯೂನಲ್ಲಿ ಇದಕ್ಕೆ ವಿನಾಯಿತಿ ಇಲ್ಲ.

ವಿಷುವಲ್ ಸ್ಟುಡಿಯೋವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಕ್ಸ್‌ಪ್ಲೋರರ್‌ನಿಂದ ಫೈಲ್ ಎಳೆದು ಪರೀಕ್ಷಿಸಬೇಡಿ. ಕಡಿಮೆ ಅಧಿಕಾರದ ಪ್ರೋಗ್ರಾಮಿನಿಂದ ಹೆಚ್ಚಿನ ಅಧಿಕಾರದ ಕಿಟಕಿಗೆ ಡ್ರಾಪ್ ಮಾಡುವುದನ್ನು ವಿಂಡೋಸ್ ವಿಸ್ತಾದಿಂದಲೇ ತಡೆಯಲಾಗಿದೆ. ಡ್ರಾಪ್ ಹ್ಯಾಂಡ್ಲರ್ ಎಷ್ಟು ತಿದ್ದಿದರೂ ಅದು ಸರಿಹೋಗದು.

ಡ್ರ್ಯಾಗ್‌ಓವರ್‌ನಲ್ಲಿ ಬ್ರೇಕ್‌ಪಾಯಿಂಟ್ ಬೇಡ. ಡಿಬಗರ್ ಮುಂದೆ ಬಂದರೆ ಡ್ರ್ಯಾಗ್ ಅಲ್ಲಿಗೇ ಕೆಡುತ್ತದೆ. ಪೂರ್ತಿ ಡೇಟಾ ಓದುವುದೂ ಅಲ್ಲಿ ಬೇಡ, ಆ ಈವೆಂಟ್ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಮೌಸ್‌ಡೌನ್ ಆದ ಕ್ಷಣವೇ ಡ್ರ್ಯಾಗ್ ಶುರುಮಾಡಬೇಡಿ, ಡಬಲ್ ಕ್ಲಿಕ್ ಸಾಯುತ್ತದೆ. ಮೌಸ್ ಡ್ರ್ಯಾಗ್‌ಸೈಜ್ ದಾಟುವವರೆಗೆ ಕಾಯಿರಿ.